ಬಹುರಾಷ್ಟ್ರೀಯ ಕಂಪನಿಯ ಟೆಕ್ನಿಕಲ್ ಸಪೋರ್ಟ್ ಕೆಲಸ: ಆಫರ್ ಒಪ್ಪಿಕೊಳ್ಳುವ ಮುನ್ನ ಮಾಡಬೇಕಾದ ಪರಿಶೀಲನೆ

ಟೆಕ್ನಿಕಲ್ ಸಪೋರ್ಟ್ ಕೆಲಸದ ಆಫರ್ ಕೈಗೆ ಬಂದಾಗ ಅಭ್ಯರ್ಥಿಗಳು ಮೊದಲು ನೋಡುವುದು ಕಂಪನಿಯ ಹೆಸರನ್ನು, ಆಮೇಲೆ ಸಿಟಿಸಿ (ಉದ್ಯೋಗಿಗಾಗಿ ಕಂಪನಿ ವರ್ಷಕ್ಕೆ ಮಾಡುವ ಒಟ್ಟು ವೆಚ್ಚ) ಅಂಕಿಯನ್ನು. ಪಾಳಿ ಯಾವುದು, ಬರುವ ಟಿಕೆಟ್‌ಗಳು (ದಾಖಲಾದ ದೂರುಗಳು) ಎಂಥವು, ಸಂಬಳ ಕೊಡುವವರು ನಿಜವಾಗಿ ಯಾರು ಎಂಬ ಪ್ರಶ್ನೆಗಳು ಏಳುವುದು ಸೇರಿದ ನಂತರ, ಅಂದರೆ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟು ಹಿಂದಿರುಗುವ ದಾರಿ ಮುಚ್ಚಿದ ಮೇಲೆ. ತಪ್ಪು ಆಗುತ್ತಿರುವುದು ಹೆಚ್ಚಾಗಿ ಪರಿಶೀಲನೆಯ ಅನುಕ್ರಮದಲ್ಲಿ.

ಆದುದರಿಂದ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲಿಯೇ ಅನುಸರಿಸಿ. ಮೊದಲ ಹಂತದಲ್ಲಿ ಉತ್ತರ ಸರಿಬರದಿದ್ದರೆ ಮುಂದಿನವುಗಳ ಅಗತ್ಯವೇ ಇಲ್ಲ. ಹಣದ ಲೆಕ್ಕವನ್ನು ಬೇಕೆಂದೇ ಐದನೆಯ ಹಂತಕ್ಕೆ ತಳ್ಳಿದ್ದೇನೆ. ದೊಡ್ಡ ಅಂಕಿಯೊಂದು ಕಣ್ಣಿಗೆ ಬಿದ್ದ ಮೇಲೆ ಉಳಿದ ಪ್ರಶ್ನೆಗಳನ್ನು ಕೇಳುವ ಮನಸ್ಸು ಯಾರಿಗೂ ಉಳಿಯುವುದಿಲ್ಲ.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಆಫರ್ ಪತ್ರದ ಎಲ್ಲ ಪುಟಗಳು, ಸಂಬಳದ ವಿಭಜನೆಯಿರುವ ಅನುಬಂಧ, ಈಗ ಕೆಲಸದಲ್ಲಿದ್ದರೆ ಹಳೆಯ ನೇಮಕಾತಿ ಪತ್ರ ಮತ್ತು ಕೊನೆಯ ಮೂರು ತಿಂಗಳ ಪೇಸ್ಲಿಪ್, ಪಿಎಫ್ ಖಾತೆಯ ಯುಎಎನ್ ಸಂಖ್ಯೆ, ಕ್ಯಾಲ್ಕುಲೇಟರ್ ಹಾಗೂ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಲು ಒಂದು ಪುಸ್ತಕ ಸಾಕು. ಅನುಬಂಧವಿಲ್ಲದ ಆಫರ್ ಪತ್ರ ಬಂದಿದ್ದರೆ ಅದನ್ನು ಕೇಳಿ ಪಡೆದ ಮೇಲೆಯೇ ಮುಂದುವರಿಯಿರಿ. ಲೆಟರ್ ಆಫ್ ಇಂಟೆಂಟ್ ಎಂಬುದು ಆಫರ್ ಪತ್ರವಲ್ಲ; ಕಂಪನಿಗೆ ಆಸಕ್ತಿ ಇದೆ ಎಂದಷ್ಟೇ ಅದು ಹೇಳುತ್ತದೆ, ಅದನ್ನು ನಂಬಿ ರಾಜೀನಾಮೆ ಕೊಡಬಾರದು.

## ಹಂತ 1: ಆಫರ್ ಅಸಲಿಯೇ ಎಂದು ಖಚಿತಪಡಿಸಿಕೊಳ್ಳಿ

ದೊಡ್ಡ ಹೆಸರುಗಳನ್ನೇ ಬಳಸಿಕೊಂಡು ನಕಲಿ ಆಫರ್‌ಗಳು ಹುಟ್ಟುತ್ತವೆ. ಮಿಂಚಂಚೆ ಬಂದಿರುವ ಡೊಮೈನ್ ಕಂಪನಿಯ ಅಧಿಕೃತ ಜಾಲತಾಣದ ಡೊಮೈನ್ ಜೊತೆ ಅಕ್ಷರಕ್ಕೆ ಅಕ್ಷರ ಹೊಂದುತ್ತದೆಯೇ ನೋಡಿ. ನಡುವೆ ಸೇರಿಕೊಂಡ ಒಂದು ಅಡ್ಡಗೆರೆ ಅಥವಾ ಕೊನೆಯಲ್ಲಿ ಅಂಟಿಸಿದ ‘ಕೆರಿಯರ್ಸ್’ ಎಂಬ ಪದವೇ ಮೋಸದ ಗುರುತಾಗಿರಬಹುದು. ಅದೇ ಹುದ್ದೆಯ ಸಂಖ್ಯೆ ಕಂಪನಿಯ ಉದ್ಯೋಗ ಪುಟದಲ್ಲಿ ಇದೆಯೇ ಎಂದು ಹುಡುಕಿ. ಪತ್ರದಲ್ಲಿರುವ ಸಂಸ್ಥೆಯ ಪೂರ್ಣ ಹೆಸರು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನೋಂದಣಿಯಾಗಿರುವ ಹೆಸರಿನೊಂದಿಗೆ ಹೊಂದಬೇಕು.

ಎಚ್ಚರಿಕೆಯ ಚಿಹ್ನೆಗಳು ಸ್ಪಷ್ಟವಾಗಿಯೇ ಇರುತ್ತವೆ: ಲ್ಯಾಪ್‌ಟಾಪ್ ಠೇವಣಿ, ತರಬೇತಿ ಶುಲ್ಕ ಅಥವಾ ದಾಖಲೆ ಪರಿಶೀಲನೆಯ ಶುಲ್ಕವೆಂದು ಹಣ ಕೇಳುವುದು, ಸಂದರ್ಶನವನ್ನು ವಾಟ್ಸ್ಆ್ಯಪ್ ಅಥವಾ ಟೆಲಿಗ್ರಾಮ್ ಚಾಟ್‌ನಲ್ಲೇ ಮುಗಿಸುವುದು, ಇಂದು ಸಂಜೆಯೊಳಗೆ ಒಪ್ಪದಿದ್ದರೆ ಹುದ್ದೆ ಕೈತಪ್ಪುತ್ತದೆ ಎಂದು ಅವಸರಪಡಿಸುವುದು. ಹಣ ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆ ಮಾಡಿ.

ಇನ್ನೆರಡು ಬಲೆಗಳನ್ನು ಇಲ್ಲಿ ಹೇಳಲೇಬೇಕು. ಒಂದು, ಥಾಯ್ಲೆಂಡ್‌ನಲ್ಲಿ ಐಟಿ ಅಥವಾ ಸಪೋರ್ಟ್ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರ್‌ನ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕುವ ಜಾಲ. ಇದರ ಬಗ್ಗೆ ವಿದೇಶಾಂಗ ಸಚಿವಾಲಯ 2022ರಲ್ಲೇ ಎಚ್ಚರಿಸಿದೆ, ಕಾಂಬೋಡಿಯಾದಂಥ ಕಡೆಗಳಿಗೂ ಜನರನ್ನು ಹೀಗೆಯೇ ಸಾಗಿಸಲಾಗಿದೆ. ಇನ್ನೊಂದು, ದೇಶದೊಳಗೇ ನಡೆಯುವ ನಕಲಿ ಸಪೋರ್ಟ್ ಕಾಲ್ ಸೆಂಟರ್‌ಗಳು. ವಿದೇಶದ ವೃದ್ಧರ ಕಂಪ್ಯೂಟರಿನಲ್ಲಿ ‘ವೈರಸ್ ಇದೆ’ ಎಂಬ ಕಿಟಕಿ ಮೂಡಿಸಿ, ಗಿಫ್ಟ್ ಕಾರ್ಡ್ ರೂಪದಲ್ಲಿ ಹಣ ವಸೂಲು ಮಾಡುವುದೇ ಅಲ್ಲಿನ ‘ಪ್ರೋಸೆಸ್’. ದೊಡ್ಡ ಕಂಪನಿಯ ‘ಅಧಿಕೃತ ಪಾಲುದಾರ’ ಎಂದು ಹೇಳಿಕೊಂಡು, ಉದ್ಯೋಗಿಗಳಿಗೆ ವಿದೇಶಿ ಹೆಸರಿಟ್ಟು, ಕಂಪನಿಯ ಲ್ಯಾಪ್‌ಟಾಪ್ ಬದಲು ಗುರುತಿಲ್ಲದ ಡಯಲರ್ (ಕರೆ ಮಾಡುವ ತಂತ್ರಾಂಶ) ಕೊಡುವ ಕಡೆಯಿಂದ ಅಂದೇ ಹೊರಬನ್ನಿ. ಪೊಲೀಸ್ ದಾಳಿ ಬಿದ್ದಾಗ ಕರೆ ಮಾಡುತ್ತಿದ್ದವರ ಮೇಲೂ ಪ್ರಕರಣ ದಾಖಲಾಗುತ್ತದೆ.

## ಹಂತ 2: ನೀವು ಯಾರ ರೋಲ್‌ನಲ್ಲಿರುತ್ತೀರಿ (ಯಾರ ವೇತನಪಟ್ಟಿಯಲ್ಲಿ) ಎಂದು ಕೇಳಿ

ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕಿನಲ್ಲೋ ಬಾಗ್ಮನೆಯಲ್ಲೋ ಬಹುರಾಷ್ಟ್ರೀಯ ಕಂಪನಿಯ ಫಲಕವಿರುವ ಕಟ್ಟಡದೊಳಗೆ ಕುಳಿತು, ಆ ಕಂಪನಿಯ ಗ್ರಾಹಕರ ಟಿಕೆಟ್‌ಗಳನ್ನೇ ಬಿಡಿಸುತ್ತಿದ್ದರೂ, ನಿಮ್ಮ ಸಂಬಳ ಬೇರೊಂದು ಸಿಬ್ಬಂದಿ ಪೂರೈಕೆ ಸಂಸ್ಥೆಯಿಂದ ಬರುತ್ತಿರಬಹುದು. ಇದಕ್ಕೆ ಥರ್ಡ್ ಪಾರ್ಟಿ ಪೇರೋಲ್ ಎನ್ನುತ್ತಾರೆ. ಇದು ಮೋಸವೇನಲ್ಲ, ಕಾನೂನುಬದ್ಧ ಏರ್ಪಾಡೇ. ಆದರೆ ಒಪ್ಪಂದ ಮುಗಿದ ದಿನ ಕೆಲಸವೂ ಮುಗಿಯಬಹುದು, ವಿಮೆ ಮತ್ತು ಬೋನಸ್ ನಿಯಮಗಳು ಬೇರೆಯಾಗಿರುತ್ತವೆ, ಕಂಪನಿಯೊಳಗೆ ಬೇರೆ ತಂಡಕ್ಕೆ ಅರ್ಜಿ ಹಾಕುವ ಅವಕಾಶ ಸಾಮಾನ್ಯವಾಗಿ ಇರುವುದಿಲ್ಲ.

ಪತ್ರದ ಶಿರೋಭಾಗದಲ್ಲಿರುವ ಹೆಸರನ್ನು ನೋಡಿದರೆ ಸಾಲದು. ಸಹಿಯ ಜಾಗದಲ್ಲಿರುವ ಸಂಸ್ಥೆ ಯಾವುದು, ಪಿಎಫ್ ಖಾತೆಗೆ ಹಣ ತುಂಬುವವರು ಯಾರು ಎಂದು ನೇರವಾಗಿ ಕೇಳಿ. ‘ಕಾಂಟ್ರಾಕ್ಟ್ ಟು ಹೈರ್’ ಎಂದಿದ್ದರೆ ಎಷ್ಟು ತಿಂಗಳ ನಂತರ, ಯಾವ ಮಾನದಂಡದ ಮೇಲೆ ಕಾಯಂ ಮಾಡುತ್ತಾರೆ, ಹಿಂದಿನ ತಂಡದಲ್ಲಿ ಎಷ್ಟು ಮಂದಿ ಹಾಗೆ ಕಾಯಂ ಆಗಿದ್ದಾರೆ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಬೇಕು. ‘ಪರ್ಫಾರ್ಮೆನ್ಸ್ ನೋಡಿ ಮಾಡುತ್ತೇವೆ’ ಎಂಬ ಮಾತನ್ನು ಇಲ್ಲ ಎಂದೇ ಎಣಿಸಿ. ನಿಗದಿತ ಅವಧಿಯ ನೇಮಕಾತಿಯಾಗಿದ್ದರೆ ಒಂದು ಸಮಾಧಾನವಿದೆ: 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಅಂಥವರು ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಗೆ ಅರ್ಹರಾಗುತ್ತಾರೆ.

## ಹಂತ 3: ಹುದ್ದೆಯ ಹೆಸರನ್ನು ಬದಿಗಿಟ್ಟು, ನಿಮ್ಮ ಸರದಿಗೆ ಬರುವ ಟಿಕೆಟ್ ಯಾವುದೆಂದು ತಿಳಿಯಿರಿ

ಎಲ್ಲ ಹಂತಗಳಲ್ಲೂ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ‘ಟೆಕ್ನಿಕಲ್ ಸಪೋರ್ಟ್ ಎಂಜಿನಿಯರ್’, ‘ಸೊಲ್ಯೂಷನ್ಸ್ ಅಸೋಸಿಯೇಟ್’, ‘ಕಸ್ಟಮರ್ ಎಂಜಿನಿಯರ್’ ಎಂಬ ಹೆಸರುಗಳಿಂದ ಏನೂ ತಿಳಿಯುವುದಿಲ್ಲ. ಒಂದೇ ಹೆಸರಿನಡಿ ಒಬ್ಬರು ದಿನವಿಡೀ ಪಾಸ್‌ವರ್ಡ್ ರೀಸೆಟ್ ಮಾಡುತ್ತಿರುತ್ತಾರೆ, ಇನ್ನೊಬ್ಬರು ಡೇಟಾಬೇಸ್ ಏಕೆ ನಿಧಾನವಾಯಿತೆಂದು ಲಾಗ್ ಓದುತ್ತಿರುತ್ತಾರೆ.

ಮೊದಲು ಯಾರಿಗೆ ಸಪೋರ್ಟ್ ಎಂಬುದನ್ನು ಗೊತ್ತುಮಾಡಿಕೊಳ್ಳಿ. ಕಂಪನಿಯ ಸ್ವಂತ ಉದ್ಯೋಗಿಗಳ ಲ್ಯಾಪ್‌ಟಾಪ್, ಔಟ್‌ಲುಕ್, ವಿಪಿಎನ್ ನೋಡಿಕೊಳ್ಳುವುದು ಸರ್ವಿಸ್ ಡೆಸ್ಕ್. ಮನೆಬಳಕೆಯ ಗ್ರಾಹಕರ ಪ್ರಿಂಟರ್, ಲ್ಯಾಪ್‌ಟಾಪ್ ದೂರುಗಳನ್ನು ಕೇಳುವುದು ಕನ್ಸ್ಯೂಮರ್ ಸಪೋರ್ಟ್. ಬ್ಯಾಂಕು, ಆಸ್ಪತ್ರೆ, ಟೆಲಿಕಾಂ ಸಂಸ್ಥೆಗಳು ಕೊಂಡಿರುವ ಸರ್ವರ್, ನೆಟ್‌ವರ್ಕ್ ಉಪಕರಣ ಅಥವಾ ಸಾಫ್ಟ್‌ವೇರ್‌ಗೆ ನೆರವಾಗುವುದು ಪ್ರಾಡಕ್ಟ್ ಸಪೋರ್ಟ್. ನನ್ನ ಅಭಿಪ್ರಾಯದಲ್ಲಿ ಮೂರನೆಯದಕ್ಕೆ ಕಡಿಮೆ ಸಂಬಳಕ್ಕಾದರೂ ಸೇರಬಹುದು, ಎರಡನೆಯದಕ್ಕೆ ಹೆಚ್ಚು ಸಂಬಳವಿದ್ದರೂ ಎರಡು ಸಲ ಯೋಚಿಸಬೇಕು.

ಆಮೇಲೆ ಮಟ್ಟ ಯಾವುದೆಂದು ಕೇಳಿ. ಎಲ್1 ಎಂದರೆ ಕರೆ ಸ್ವೀಕರಿಸಿ, ಸಿದ್ಧ ಸೂಚನೆಯ ಪ್ರಕಾರ ಪರಿಹರಿಸಿ, ಆಗದಿದ್ದರೆ ಮೇಲಕ್ಕೆ ಕಳಿಸುವ ಕೆಲಸ. ಎಲ್2ರಲ್ಲಿ ಸಮಸ್ಯೆಯನ್ನು ತಾನೇ ಮರುಸೃಷ್ಟಿಸಿ ನೋಡುವ, ಗ್ರಾಹಕರ ಯಂತ್ರಕ್ಕೆ ರಿಮೋಟ್ ಆಗಿ ಹೊಕ್ಕು ಕಾರಣ ಹುಡುಕುವ ಅವಕಾಶವಿರುತ್ತದೆ. ಎಲ್3 ಉತ್ಪನ್ನದ ಒಳಮರ್ಮ ತಿಳಿದವರದು. ಪಾಸ್‌ವರ್ಡ್ ರೀಸೆಟ್, ಅಕೌಂಟ್ ಅನ್‌ಲಾಕ್ ಮುಂತಾದ ಎಲ್1 ಕೆಲಸಗಳನ್ನು ಬಳಕೆದಾರರೇ ಮಾಡಿಕೊಳ್ಳುವ ಪೋರ್ಟಲ್‌ಗಳು ಮತ್ತು ಚಾಟ್‌ಬಾಟ್‌ಗಳು ಈಗಾಗಲೇ ಬಳಕೆಯಲ್ಲಿವೆ. ಬರೀ ಇವನ್ನೇ ಮಾಡಿಸುವ ಹುದ್ದೆಯಲ್ಲಿ ಕಲಿಕೆ ಬೇಗನೆ ನಿಂತುಹೋಗುತ್ತದೆ.

ಮ್ಯಾನೇಜರನ್ನು ಕೇಳಬೇಕಾದ ಪ್ರಶ್ನೆಗಳು ಹೀಗಿರಲಿ:

- ಕಳೆದ ವಾರ ಈ ತಂಡ ಮುಚ್ಚಿದ ಟಿಕೆಟ್‌ಗಳಲ್ಲಿ ಹೆಚ್ಚು ಬಂದ ಮೂರು ಬಗೆಗಳು ಯಾವುವು?
- ಕರೆ, ಚಾಟ್, ಮಿಂಚಂಚೆಗಳ ಪಾಲು ಎಷ್ಟೆಷ್ಟು? ಒಬ್ಬರು ಏಕಕಾಲಕ್ಕೆ ಎಷ್ಟು ಚಾಟ್ ನಿಭಾಯಿಸಬೇಕು?
- ಟಿಕೆಟ್ ಮೇಲಕ್ಕೆ ಕಳಿಸಿದ ನಂತರವೂ ಅದು ನನ್ನ ಹೆಸರಿನಲ್ಲೇ ಉಳಿಯುತ್ತದೆಯೇ?
- ನನ್ನನ್ನು ಅಳೆಯುವುದು ಯಾವ ಮಾಪನದಿಂದ?

ಕೊನೆಯ ಪ್ರಶ್ನೆಯೇ ಬಹುಮಟ್ಟಿಗೆ ಎಲ್ಲವನ್ನೂ ಹೇಳಿಬಿಡುತ್ತದೆ. ಉತ್ತರದಲ್ಲಿ ಎಎಚ್‌ಟಿ, ಅಂದರೆ ಒಂದು ಕರೆಗೆ ತಗಲುವ ಸರಾಸರಿ ಸಮಯವೇ ಮೊದಲು ಬಂದರೆ, ಅಲ್ಲಿ ಸಮಸ್ಯೆಯ ಆಳಕ್ಕೆ ಇಳಿಯುವವರಿಗಿಂತ ಬೇಗ ಫೋನ್ ಇಡುವವರಿಗೆ ಬೆಲೆ ಎಂದು ತಿಳಿಯಿರಿ. ಮೊದಲ ಸಂಪರ್ಕದಲ್ಲೇ ಪರಿಹಾರ, ಗ್ರಾಹಕರ ತೃಪ್ತಿ, ನೀವು ಬರೆದ ನಾಲೆಡ್ಜ್ ಲೇಖನಗಳು ಎಂಬ ಮಾತು ಬಂದರೆ ತಂಡದ ಸ್ವಭಾವ ಬೇರೆಯೆಂದು ಅರ್ಥ. ಎಸ್‌ಎಲ್‌ಎ, ಅಂದರೆ ಟಿಕೆಟ್ ಬಿಡಿಸಲು ಗ್ರಾಹಕರಿಗೆ ಒಪ್ಪಿಕೊಂಡ ಗಡುವು, ತಪ್ಪಿದರೆ ಇನ್‌ಸೆಂಟಿವ್ ಕಡಿತವಾಗುತ್ತದೆಯೇ ಎಂಬುದನ್ನೂ ಇದೇ ಉಸಿರಿನಲ್ಲಿ ಕೇಳಿಬಿಡಿ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಈ ಪ್ರಶ್ನೆಗಳನ್ನು ಎಚ್‌ಆರ್‌ಗೆ ಕೇಳುವುದು. ಅವರಿಗೆ ಟಿಕೆಟ್‌ಗಳ ಒಳಗು ಗೊತ್ತಿರುವುದಿಲ್ಲ. ಹತ್ತು ನಿಮಿಷ ತಂಡದ ಮ್ಯಾನೇಜರ್ ಜೊತೆ ಮಾತನಾಡಲು ಸಮಯ ಕೇಳಿ. ಅದನ್ನು ನಿರಾಕರಿಸುವ ತಂಡದ ಬಗ್ಗೆ ಅನುಮಾನಪಡಲು ನಿಮಗೆ ಹಕ್ಕಿದೆ.

## ಹಂತ 4: ಪಾಳಿಯನ್ನು ಭಾರತದ ಗಡಿಯಾರಕ್ಕೆ ಇಳಿಸಿ ಬರೆಯಿರಿ

‘ಯುಎಸ್ ಶಿಫ್ಟ್’ ಎಂಬ ಎರಡು ಪದಗಳಿಗೆ ಒಪ್ಪಿಗೆ ಕೊಡಬೇಡಿ. ನ್ಯೂಯಾರ್ಕಿನ ಬೆಳಿಗ್ಗೆ 9ರಿಂದ ಸಂಜೆ 6ರವರೆಗಿನ ಕಚೇರಿ ವೇಳೆ ನಮ್ಮಲ್ಲಿ ಬೇಸಿಗೆಯ ಅವಧಿಯಲ್ಲಿ ಸಂಜೆ 6.30ರಿಂದ ನಸುಕಿನ 3.30, ಚಳಿಗಾಲದಲ್ಲಿ ಸಂಜೆ 7.30ರಿಂದ ನಸುಕಿನ 4.30. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಮತ್ತು ನವೆಂಬರ್ ತಿಂಗಳ ಮೊದಲ ಭಾನುವಾರ ಅಲ್ಲಿನ ಗಡಿಯಾರ ಬದಲಾದಂತೆ ನಿಮ್ಮ ಊಟ, ನಿದ್ದೆ, ಕ್ಯಾಬ್ ಎಲ್ಲವೂ ಒಂದು ಗಂಟೆ ಸರಿಯುತ್ತವೆ. ಕ್ಯಾಲಿಫೋರ್ನಿಯಾದ ವೇಳೆಯಾದರೆ ಇನ್ನೂ ಮೂರು ಗಂಟೆ ಮುಂದಕ್ಕೆ, ಅಂದರೆ ಮನೆ ಸೇರುವಾಗ ಬೆಳಗಾಗಿರುತ್ತದೆ. ಲಂಡನ್ ವೇಳೆ ಮಧ್ಯಾಹ್ನದಿಂದ ರಾತ್ರಿ ಹತ್ತು-ಹನ್ನೊಂದರವರೆಗೆ ಬರುತ್ತದೆ, ಸಂಸಾರಸ್ಥರಿಗೆ ಸಹಿಸಬಹುದಾದದ್ದು. ಸಿಡ್ನಿಯದಾದರೆ ನಸುಕಿನಲ್ಲಿ ಶುರುವಾಗಿ ಮಧ್ಯಾಹ್ನಕ್ಕೆ ಮುಗಿಯುತ್ತದೆ.

ನಿಶ್ಚಿತ ರಾತ್ರಿ ಪಾಳಿಗಿಂತ ವಾರವಾರ ತಿರುಗುವ ಪಾಳಿ ದೇಹಕ್ಕೆ ಕಷ್ಟ. ಆದ್ದರಿಂದ ‘24×7 ರೊಟೇಷನಲ್’ ಎಂದಿದ್ದಲ್ಲಿ ಪಾಳಿ ಎಷ್ಟು ದಿನಕ್ಕೊಮ್ಮೆ ಬದಲಾಗುತ್ತದೆ, ವಾರದ ಎರಡು ರಜೆಗಳು ಒಟ್ಟಿಗೆ ಬರುತ್ತವೆಯೇ ಅಥವಾ ಮಂಗಳವಾರ ಒಂದು, ಶುಕ್ರವಾರ ಒಂದು ಎಂದು ಒಡೆದು ಬರುತ್ತವೆಯೇ, ರೋಸ್ಟರ್ ಎಷ್ಟು ಮುಂಚೆ ಪ್ರಕಟವಾಗುತ್ತದೆ ಎಂಬುದನ್ನು ಬರೆದುಕೊಳ್ಳಿ. ಆನ್-ಕಾಲ್ ಇದ್ದರೆ ರಾತ್ರಿ ಎದ್ದು ಮಾಡಿದ ಕೆಲಸಕ್ಕೆ ಪ್ರತ್ಯೇಕ ಹಣ ಅಥವಾ ಕಾಂಪ್ ಆಫ್ (ಬದಲಿ ರಜೆ) ಇದೆಯೇ ಕೇಳಿ.

ರಜಾಪಟ್ಟಿಯನ್ನು ನೋಡುವವರು ಕಡಿಮೆ. ಅಮೆರಿಕದ ಗ್ರಾಹಕರ ಪಂಚಾಂಗದ ಮೇಲೆ ನಡೆಯುವ ತಂಡಕ್ಕೆ ಥ್ಯಾಂಕ್ಸ್‌ಗಿವಿಂಗ್ ರಜೆ ಸಿಕ್ಕಿ, ಯುಗಾದಿ ಮತ್ತು ಗೌರಿ-ಗಣೇಶ ಕೆಲಸದ ದಿನಗಳಾಗುವುದುಂಟು. ಆದರೆ ಕರ್ನಾಟಕದ 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆಯ ಪ್ರಕಾರ ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1 ರಜಾದಿನಗಳು. ಅಂದು ದುಡಿಸಿಕೊಂಡರೆ ಇಮ್ಮಡಿ ವೇತನ ಅಥವಾ ಬದಲಿ ರಜೆ ಕೊಡಬೇಕು. ಹಾಗೆಯೇ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಸಾಮಾನ್ಯ ದುಡಿಮೆಯ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದಿದೆ. ‘ಹತ್ತು ಗಂಟೆ ಲಾಗಿನ್ ಕಡ್ಡಾಯ’ ಎಂಬ ಮಾತು ಸಂದರ್ಶನದಲ್ಲಿ ಕೇಳಿಬಂದರೆ ಅದನ್ನು ಈ ಮಿತಿಯ ಪಕ್ಕದಲ್ಲಿಟ್ಟು ನೋಡಿ.

ಪ್ರಯಾಣವನ್ನೂ ಪಾಳಿಯೊಳಗೇ ಸೇರಿಸಿ ಎಣಿಸಬೇಕು. ವೈಟ್‌ಫೀಲ್ಡ್‌ಗೆ ನೇರಳೆ ಮಾರ್ಗ, 2025ರ ಆಗಸ್ಟ್‌ನಿಂದ ಎಲೆಕ್ಟ್ರಾನಿಕ್ಸ್ ಸಿಟಿಗೆ ಹಳದಿ ಮಾರ್ಗ ಇದ್ದರೂ ನಡುರಾತ್ರಿ ದಾಟಿ ಪಾಳಿ ಮುಗಿಸುವವರಿಗೆ ಮೆಟ್ರೊ ಉಪಯೋಗಕ್ಕೆ ಬರುವುದಿಲ್ಲ. ಕಂಪನಿಯ ಕ್ಯಾಬ್ ಇದೆಯೇ, ಎಷ್ಟು ಕಿಲೋಮೀಟರ್ ಪರಿಧಿಯವರೆಗೆ, ನಿಮ್ಮ ಬಡಾವಣೆ ಅದರೊಳಗಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಹಿಳೆಯರು ರಾತ್ರಿ ಪಾಳಿಗೆ ಕಂಪನಿ ತಮ್ಮ ಒಪ್ಪಿಗೆಯನ್ನು ಲಿಖಿತವಾಗಿ ಕೇಳುತ್ತದೆಯೇ, ಮೊದಲ ಪಿಕಪ್ ಅಥವಾ ಕೊನೆಯ ಡ್ರಾಪ್ ತಮ್ಮದಾದಾಗ ಕ್ಯಾಬ್‌ನಲ್ಲಿ ಭದ್ರತಾ ಸಿಬ್ಬಂದಿ ಇರುತ್ತಾರೆಯೇ ಎಂಬುದನ್ನು ಕೇಳಬೇಕು. ಇದಕ್ಕೆ ತಡವರಿಸುವ ಕಂಪನಿ ಎಷ್ಟೇ ದೊಡ್ಡದಿದ್ದರೂ ಬೇಡ.

## ಹಂತ 5: ಸಿಟಿಸಿಯಿಂದ ಕೈಗೆ ಬರುವ ಹಣವನ್ನು ನೀವೇ ಲೆಕ್ಕ ಹಾಕಿ

ವರ್ಷಕ್ಕೆ 6,00,000 ರೂಪಾಯಿ ಸಿಟಿಸಿ ಎಂದರೆ ತಿಂಗಳಿಗೆ 50,000 ಎಂದು ಭಾಗಿಸಿ ಬಾಡಿಗೆ ಮನೆ ಹುಡುಕುವುದು ಹಳೆಯ ತಪ್ಪು. ಉದಾಹರಣೆಗೆ ಮೂಲವೇತನ ಅರ್ಧ, ಅಂದರೆ ತಿಂಗಳಿಗೆ 25,000 ಎಂದಿಟ್ಟುಕೊಳ್ಳಿ. ಕಂಪನಿಯ ಪಾಲಿನ ಪಿಎಫ್ ಶೇಕಡಾ 12ರಂತೆ ವರ್ಷಕ್ಕೆ 36,000, ಗ್ರಾಚ್ಯುಟಿ ಶೇಕಡಾ 4.81ರಂತೆ 14,430, ವೇರಿಯಬಲ್ ಪೇ (ಸಾಧನೆ ನೋಡಿ ಕೊಡುವ ಭಾಗ) ಹತ್ತನೆಯ ಒಂದು ಭಾಗವೆಂದು 60,000, ವಿಮೆಗೆ 10,000 ಎಂದು ಸೇರಿಸಿದರೆ 1,20,430 ರೂಪಾಯಿ ತಿಂಗಳ ಸಂಬಳದೊಳಗೆ ಬರುವುದೇ ಇಲ್ಲ. ಉಳಿದ 4,79,570ನ್ನು 12ರಿಂದ ಭಾಗಿಸಿದರೆ ಸುಮಾರು 39,960. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 3,000 ಮತ್ತು ವೃತ್ತಿ ತೆರಿಗೆ 200 ಕಳೆದರೆ ಕೈಗೆ ಬರುವುದು 36,760ರ ಆಸುಪಾಸು.

ಕೆಲವು ಕಂಪನಿಗಳು ಪಿಎಫ್ ಅನ್ನು 15,000 ರೂಪಾಯಿ ವೇತನದ ಮಿತಿಗೆ ಕಟ್ಟುತ್ತವೆ; ಆಗ ಎರಡೂ ಪಾಲು 1,800ಕ್ಕೆ ನಿಲ್ಲುತ್ತವೆ. ಈ ಮಟ್ಟದ ಸಂಬಳಕ್ಕೆ ಹೊಸ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆಯ ಚಿಂತೆಯಿಲ್ಲ: 2025-26ರ ಹಣಕಾಸು ವರ್ಷದಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ.

ಗಮನಿಸಬೇಕಾದ ಇನ್ನೊಂದು ಅಂಶ, ರಾತ್ರಿ ಪಾಳಿಯ ಭತ್ಯೆ ಸಿಟಿಸಿಯ ಒಳಗಿದೆಯೋ ಹೊರಗಿದೆಯೋ ಎಂಬುದು. ಒಳಗಿದ್ದರೆ ಹಗಲು ಪಾಳಿಗೆ ಬದಲಾದ ತಿಂಗಳು ಸಂಬಳವೂ ಇಳಿಯುತ್ತದೆ. ಜಾಯ್ನಿಂಗ್ ಬೋನಸ್ ಇದ್ದರೆ ವರ್ಷ ತುಂಬುವ ಮುನ್ನ ಬಿಟ್ಟಲ್ಲಿ ಅದನ್ನು ಹಿಂದಿರುಗಿಸಬೇಕೇ ಎಂಬ ಸಾಲು ಪತ್ರದ ಕೊನೆಯ ಪುಟಗಳಲ್ಲಿ ಸಿಗುತ್ತದೆ. ಅದನ್ನು ಸಂಬಳವೆಂದು ಲೆಕ್ಕಕ್ಕೆ ಹಿಡಿಯಬೇಡಿ.

## ಹಂತ 6: ಹೊರಬರುವ ಷರತ್ತುಗಳನ್ನು ಓದಿ

ನೋಟಿಸ್ ಅವಧಿ 30 ದಿನವೋ 60ವೋ 90ವೋ, ಪ್ರೊಬೇಷನ್‌ನಲ್ಲಿ ಎಷ್ಟು, ಕಂಪನಿ ನಿಮ್ಮನ್ನು ತೆಗೆಯುವಾಗ ಕೊಡುವ ನೋಟಿಸ್ ಕೂಡ ಅಷ್ಟೇ ಇದೆಯೇ? ನಿಮಗೆ 90 ದಿನ, ಕಂಪನಿಗೆ 15 ದಿನ ಎಂದಿದ್ದರೆ ಅದನ್ನು ತಿದ್ದಲು ಕೇಳುವುದು ತಪ್ಪಲ್ಲ, ದೊಡ್ಡ ಕಂಪನಿಗಳಲ್ಲಿ ತಿದ್ದುವುದು ಅಪರೂಪವೆಂಬುದೂ ನಿಜ.

ಬಾಂಡ್ ವಿಚಾರದಲ್ಲಿ ‘ಅದಕ್ಕೆಲ್ಲ ಕಾನೂನಿನ ಬೆಲೆ ಇಲ್ಲ’ ಎಂಬ ಗೆಳೆಯರ ಮಾತನ್ನು ನಂಬಿ ಸಹಿ ಹಾಕುವವರಿದ್ದಾರೆ. ಕೆಲಸ ಬಿಟ್ಟ ಮೇಲೆ ಬೇರೆಡೆ ದುಡಿಯದಂತೆ ತಡೆಯುವ ಕರಾರು 1872ರ ಕರಾರು ಕಾಯ್ದೆಯ 27ನೆಯ ಪ್ರಕರಣದಂತೆ ಅನೂರ್ಜಿತ, ಇದು ಸರಿ. ಆದರೆ ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಹಣ ಕಟ್ಟಬೇಕು ಎಂಬ ಷರತ್ತು ಬೇರೆ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಸೇವೆ ಅಥವಾ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಎತ್ತಿಹಿಡಿದಿದೆ. ಆದ್ದರಿಂದ ಬಾಂಡ್ ಮೊತ್ತ ನಿಮ್ಮ ಎಷ್ಟು ತಿಂಗಳ ಕೈಸಂಬಳಕ್ಕೆ ಸಮ ಎಂದು ಎಣಿಸಿ ನೋಡಿ. ಮೂಲ ಅಂಕಪಟ್ಟಿಗಳನ್ನು ಕಂಪನಿಯಲ್ಲೇ ಇಟ್ಟುಕೊಳ್ಳುತ್ತೇವೆ ಎಂದರೆ ಮಾತು ಅಲ್ಲಿಗೇ ಮುಗಿಯಿತು.

## ಹಂತ 7: ಹದಿನೆಂಟು ತಿಂಗಳ ನಂತರದ ಬಯೋಡೇಟಾವನ್ನು ಈಗಲೇ ಬರೆದು ನೋಡಿ

ಒಂದು ಹಾಳೆ ತೆಗೆದುಕೊಂಡು, ಈ ಕೆಲಸದಲ್ಲಿ ಒಂದೂವರೆ ವರ್ಷ ಕಳೆದ ಮೇಲೆ ಬಯೋಡೇಟಾದಲ್ಲಿ ಸೇರಿಸಬಹುದಾದ ಐದು ಸಾಲುಗಳನ್ನು ಬರೆಯಲು ಪ್ರಯತ್ನಿಸಿ. ‘ಲಿನಕ್ಸ್ ಸರ್ವರ್‌ಗಳ ಲಾಗ್ ವಿಶ್ಲೇಷಣೆ’, ‘ಆ್ಯಕ್ಟಿವ್ ಡೈರೆಕ್ಟರಿ ನಿರ್ವಹಣೆ’, ‘ಪವರ್‌ಶೆಲ್ ಸ್ಕ್ರಿಪ್ಟ್ ಬರೆದು ಮರುಕಳಿಸುವ ಟಿಕೆಟ್ ಕಡಿಮೆ ಮಾಡಿದ್ದು’ ಎಂಬಂಥ ಸಾಲುಗಳು ಬಂದರೆ ಸಿಸ್ಟಂ ಅಡ್ಮಿನ್, ಕ್ಲೌಡ್ ಅಥವಾ ಎಸ್‌ಆರ್‌ಇ (ಸೇವೆಗಳು ನಿಲ್ಲದಂತೆ ನೋಡಿಕೊಳ್ಳುವ ಎಂಜಿನಿಯರಿಂಗ್) ಕಡೆಗೆ ದಾರಿಯಿದೆ. ‘ದಿನಕ್ಕೆ ಇಷ್ಟು ಕರೆ ಸ್ವೀಕರಿಸಿದೆ’ ಎಂಬುದರ ಆಚೆಗೆ ಎರಡನೆಯ ಸಾಲೇ ಹೊಳೆಯದಿದ್ದರೆ ಅದೂ ಒಂದು ಉತ್ತರವೇ.

ಬೇರೆ ತಂಡಕ್ಕೆ ಹೋಗಲು ಎಷ್ಟು ತಿಂಗಳು ಕಾಯಬೇಕು, ಆರ್‌ಎಚ್‌ಸಿಎಸ್‌ಎ, ಸಿಸಿಎನ್‌ಎ, ಐಟಿಐಎಲ್ ಫೌಂಡೇಷನ್ ಮುಂತಾದ ತಾಂತ್ರಿಕ ಪ್ರಮಾಣಪತ್ರ ಪರೀಕ್ಷೆಗಳ ಶುಲ್ಕವನ್ನು ಕಂಪನಿ ಕೊಡುತ್ತದೆಯೇ ಎಂದು ಕೇಳಿ. ಸಪೋರ್ಟ್‌ಗೆ ಸೇರಿದರೆ ಆರು ತಿಂಗಳಲ್ಲಿ ಡೆವಲಪ್‌ಮೆಂಟ್‌ಗೆ ಹಾಕುತ್ತೇವೆ ಎಂಬ ಬಾಯಿಮಾತಿಗೆ ಬೆಲೆ ಕಟ್ಟಬೇಡಿ. ಅದೇ ಕಂಪನಿಯಲ್ಲಿ ಈ ತಂಡದಿಂದ ಬೇರೆಡೆಗೆ ಹೋದವರನ್ನು ಲಿಂಕ್ಡ್‌ಇನ್‌ನಲ್ಲಿ ಹುಡುಕಿದರೆ ಹೆಚ್ಚು ಸತ್ಯ ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಇಂಗ್ಲಿಷ್ ಮಾತಿನ ಅಳುಕು ಇರುವವರಿಗೆ ಚಾಟ್ ಮತ್ತು ಮಿಂಚಂಚೆಯ ತಂಡಗಳಲ್ಲಿ ಸೇರಿ ಆಮೇಲೆ ಕರೆಗೆ ಹೋಗುವುದು ಸುಲಭ. ಕೇಳಿದರೆ ಹಾಗೆ ಹಾಕಿಕೊಡುವ ಮ್ಯಾನೇಜರುಗಳೂ ಇದ್ದಾರೆ.

## ಹಂತ 8: ಉತ್ತರಗಳನ್ನು ಲಿಖಿತವಾಗಿ ಪಡೆದು, ಆಮೇಲೆ ತೀರ್ಮಾನಿಸಿ

ಫೋನಿನಲ್ಲಿ ಸಿಕ್ಕ ಉತ್ತರಗಳನ್ನು ಅಂದೇ ಒಂದು ಚಿಕ್ಕ ಮಿಂಚಂಚೆಯಲ್ಲಿ ಬರೆದು, ‘ನಾನು ಅರ್ಥಮಾಡಿಕೊಂಡಿರುವುದು ಸರಿಯೇ’ ಎಂದು ಎಚ್‌ಆರ್‌ಗೆ ಕಳಿಸಿ. ಪಾಳಿ, ಕೆಲಸದ ಸ್ಥಳ, ಮಟ್ಟ, ರೋಲ್ ಮತ್ತು ಭತ್ಯೆ, ಈ ಐದೂ ಅದರಲ್ಲಿರಲಿ. ‘ಹೌದು’ ಎಂಬ ಒಂದು ಪದದ ಮರುಉತ್ತರ ಬಂದರೂ ಸಾಕು. ಎರಡು ಸಲ ಕೇಳಿದರೂ ಬರಹದಲ್ಲಿ ಕೊಡದೆ ಫೋನಿನಲ್ಲೇ ಸಮಾಧಾನ ಹೇಳುತ್ತಿದ್ದರೆ ಆ ಮಾತು ಸೇರಿದ ಮೇಲೆ ಉಳಿಯುವುದಿಲ್ಲ ಎಂದು ತಿಳಿಯಿರಿ.

ತೀರ್ಮಾನಕ್ಕೆ ನಾನು ಸೂಚಿಸುವ ಅಳತೆ ಇದು. ಟಿಕೆಟ್‌ನ ಗುಣ ಮತ್ತು ಪಾಳಿ ಎರಡೂ ಒಗ್ಗಿದರೆ ಸಂಬಳ ತುಸು ಕಡಿಮೆಯಾದರೂ ಒಪ್ಪಿಕೊಳ್ಳಬಹುದು. ಟಿಕೆಟ್ ಒಳ್ಳೆಯದಿದ್ದು ಪಾಳಿ ಕಷ್ಟವೆನಿಸಿದರೆ, ಎಷ್ಟು ತಿಂಗಳು ಸಹಿಸುತ್ತೀರಿ ಎಂಬ ಗಡುವನ್ನು ಮನೆಯವರೊಂದಿಗೆ ಮಾತಾಡಿ ಮೊದಲೇ ಹಾಕಿಕೊಂಡು ಸೇರಿ. ಎರಡೂ ಕೆಟ್ಟದಾಗಿದ್ದು ಹಣ ಮಾತ್ರ ಚೆನ್ನಾಗಿದ್ದರೆ, ಮನೆಯ ಸಾಲ ಅಥವಾ ಕಾಯಿಲೆಯಂಥ ತುರ್ತು ಇಲ್ಲದವರು ಬಿಟ್ಟುಬಿಡುವುದೇ ಮೇಲು. ಒಂದೂ ಕೆಲಸವಿಲ್ಲದೆ ವರ್ಷ ಕಳೆಯುತ್ತಿರುವ ಹೊಸ ಪದವೀಧರರಿಗೆ ಈ ಅಳತೆ ಸಡಿಲ. ಮೊದಲೆರಡು ಹಂತ ದಾಟಿದ, ಬಾಂಡ್ ಇಲ್ಲದ ಯಾವುದೇ ಎಲ್1 ಕೆಲಸವೂ ಅವರಿಗೆ ಮನೆಯಲ್ಲಿ ಕೂರುವುದಕ್ಕಿಂತ ಒಳ್ಳೆಯದು.

ಒಪ್ಪಿದ ಮೇಲಿನ ಕ್ರಮವೂ ಮುಖ್ಯ. ಆಫರ್ ಪತ್ರಕ್ಕೆ ಸಹಿ ಮಾಡಿ, ಕಂಪನಿಯಿಂದ ಸ್ವೀಕೃತಿ ಪಡೆದು, ಸಾಧ್ಯವಿದ್ದರೆ ಹಿನ್ನೆಲೆ ಪರಿಶೀಲನೆ ಮುಗಿಯುವವರೆಗೆ ಕಾದು, ಅನಂತರ ರಾಜೀನಾಮೆ ಕೊಡಿ. ಪಿಎಫ್ ದಾಖಲೆಯಲ್ಲಿ ಹಳೆಯ ಕೆಲಸದ ಕೊನೆಯ ದಿನ ನಮೂದಾಗಿರದಿದ್ದರೆ ಅಥವಾ ಎರಡು ಕಡೆಯ ದಿನಾಂಕಗಳು ಒಂದರ ಮೇಲೊಂದು ಬಿದ್ದಿದ್ದರೆ ಪರಿಶೀಲನೆಯಲ್ಲಿ ಪ್ರಶ್ನೆ ಬರುತ್ತದೆ. ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ಬೇಡವೆಂದು ನಿರ್ಧರಿಸಿದರೆ ಉತ್ತರಿಸದೆ ಸುಮ್ಮನಾಗಬೇಡಿ, ಎರಡು ಸಾಲಿನ ನಿರಾಕರಣೆ ಕಳಿಸಿ; ನಿಮ್ಮ ಅರ್ಜಿಯ ದಾಖಲೆ ಅವರ ವ್ಯವಸ್ಥೆಯಲ್ಲಿ ಉಳಿದಿರುತ್ತದೆ ಮತ್ತು ಮುಂದೆ ಅದೇ ಕಂಪನಿಯ ಬೇರೆ ತಂಡಕ್ಕೆ ಅರ್ಜಿ ಹಾಕುವ ಸಂದರ್ಭ ಬರಬಹುದು.

ಸೇರಿದವರಿಗೆ ಕೊನೆಯ ಒಂದು ಪರಿಶೀಲನೆ ಬಾಕಿಯಿರುತ್ತದೆ. ಪ್ರತಿ ತಿಂಗಳ ಪಿಎಫ್ ಅನ್ನು ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮೊದಲ ಸಂಬಳ ಬಂದ ಮರುತಿಂಗಳು, ಆ ದಿನಾಂಕ ದಾಟಿದ ಮೇಲೆ, ಇಪಿಎಫ್ಒ ಪಾಸ್‌ಬುಕ್ ತೆರೆದು ಹಣ ಬಿದ್ದಿದೆಯೇ, ಅದನ್ನು ಕಟ್ಟಿದ ಸಂಸ್ಥೆಯ ಹೆಸರು ನೇಮಕಾತಿ ಪತ್ರದಲ್ಲಿರುವುದೇ ಹೌದೇ ಎಂದು ನೋಡಿ. ಹೆಸರು ಬೇರೆಯಾಗಿದ್ದರೆ ಪ್ರೊಬೇಷನ್ ಮುಗಿಯುವುದನ್ನು ಕಾಯದೆ ಆ ವಾರವೇ ಎಚ್‌ಆರ್‌ಗೆ ಬರೆದು ವಿವರಣೆ ಕೇಳಿ.